ಕೊರಿಯಾದ ಕಥೆಗಳಲ್ಲಿ ವಲಸೆ ಕಾರ್ಮಿಕರು: ಬರೀ ಗೋಳೇನಾ?

ಓದುಗರ ಪ್ರಶ್ನೆ: "ನಾನು ಚಿಕ್ಕಮಗಳೂರು ಕಡೆಯವಳು, ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಾವು ಏಳೆಂಟು ಜನ ತಿಂಗಳಿಗೊಮ್ಮೆ ಸೇರಿ ಒಂದು ಕಥೆ ಓದುತ್ತೇವೆ. ಕೊರಿಯಾದ ಟಿವಿ ಸರಣಿ 'ಸ್ಕ್ವಿಡ್ ಗೇಮ್'ನ ಪಾಕಿಸ್ತಾನಿ ಕಾರ್ಮಿಕ ಅಲಿ ನಮ್ಮೆಲ್ಲರ ಮನಸ್ಸಿನಲ್ಲಿ ಉಳಿದುಬಿಟ್ಟಿದ್ದ. ಹಾಗಾಗಿ ಈ ಸಲ ಕೊರಿಯಾದ ವಲಸೆ ಕಾರ್ಮಿಕರ ಬಗ್ಗೆ ಕಿಮ್ ಜೆ-ಯೊಂಗ್ ಬರೆದ 'ಆನೆ' ಕಥೆಯನ್ನು ಇಂಗ್ಲಿಷ್‌ನಲ್ಲಿ ಓದಿದೆವು. ಓದಿ ಜಗಳವೇ ಆಯಿತು. ಒಬ್ಬರು 'ಇದು ಬರೀ ಗೋಳು, ಕಣ್ಣೀರು ಹಾಕಿಸೋಕೆ ಬರೆದದ್ದು' ಅಂದರು. ಇನ್ನೊಬ್ಬರು 'ನೇಪಾಳಿಗಳ ಕಥೆ ಬರೆಯೋಕೆ ಕೊರಿಯಾದವರು ಯಾರು?' ಅಂದರು. ಭಾರತದವರು ಈ ಕಥೆಗಳಲ್ಲಿ ಯಾಕೆ ಇಲ್ಲ ಅನ್ನುವುದು ಮೂರನೆಯವರ ಪ್ರಶ್ನೆ. ನನಗೆ ಈ ಕಥೆಯನ್ನು ಕನ್ನಡಕ್ಕೆ ತರುವ ಆಸೆ. ಇಂಗ್ಲಿಷ್‌ನಿಂದ ಮಾಡಿದರೆ ತಪ್ಪಾ? ನಮ್ಮ ಕಾಫಿ ತೋಟಗಳಿಗೂ ಈಗ ಅಸ್ಸಾಮಿನವರು ಬರುತ್ತಾರೆ. ಅವರ ಬಗ್ಗೆ ನಾವು ಒಂದು ಸಾಲನ್ನೂ ಬರೆದಿಲ್ಲ ಅನ್ನುವ ಮುಜುಗರವೂ ಇದೆ."

ಉತ್ತರ:

ನಿಮ್ಮ ಗುಂಪಿನ ಮೂವರೂ ಅರ್ಧ ಸರಿ, ಮೇಡಂ. ಇಪ್ಪತ್ತು ವರ್ಷದಿಂದ ಕೊರಿಯನ್ ಕಲಿಸುತ್ತಾ, ಅನುವಾದ ಮಾಡುತ್ತಾ ಇರುವವನು ನಾನು. ನಡುವೆ ಸೋಲ್ ಹತ್ತಿರದ ಆನ್ಸಾನ್ ಎಂಬ ಕಾರ್ಖಾನೆ ಊರಿನಲ್ಲಿ ಸ್ವಲ್ಪ ಕಾಲ ಇದ್ದೆ. ಈ ಪ್ರಶ್ನೆಗಳನ್ನು ನನ್ನ ವಿದ್ಯಾರ್ಥಿಗಳೂ ಕೇಳುತ್ತಾರೆ. ಆದರೆ ಅವರು ಕೇಳದ ಇನ್ನೊಂದು ವಿಷಯ ಇದೆ, ಅದು ಕನ್ನಡದವರಿಗೆ ಮಾತ್ರ ಚೆನ್ನಾಗಿ ಹಿಡಿಸುವಂಥದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು 'ಬರೀ ಗೋಳು' ಅನ್ನುವ ಮಾತು. 'ಆನೆ' ಬಂದದ್ದು 2004ರಲ್ಲಿ. ಕಥೆ ಹೇಳುವವನು ಅಕಾಸ್ ಎಂಬ 13 ವರ್ಷದ ಹುಡುಗ. ಅಪ್ಪ ನೇಪಾಳದವನು, ಅಮ್ಮ ಚೀನಾದಿಂದ ಬಂದ ಕೊರಿಯನ್ ಮೂಲದವಳು, ಮನೆ ಬಿಟ್ಟು ಹೋಗಿದ್ದಾಳೆ. ಗೋಯಾಂಗ್ ನಗರದ ಪೀಠೋಪಕರಣ ಕಾರ್ಖಾನೆಗಳ ಪಕ್ಕ, ಹಂದಿ ಸಾಕುತ್ತಿದ್ದ ಕೊಟ್ಟಿಗೆಯನ್ನೇ ಕೋಣೆಗಳಾಗಿ ಮಾಡಿದ ಜಾಗದಲ್ಲಿ ಅವರ ವಾಸ. ಹುಡುಗ ಬದುಕಿದ್ದಾನೆ, ಆದರೆ ದಾಖಲೆಯ ಪ್ರಕಾರ ಹುಟ್ಟೇ ಇಲ್ಲ. ಮುಖ ಬೆಳ್ಳಗಾಗಲಿ ಅಂತ ಬಣ್ಣ ತೆಗೆಯುವ ಗುಳಿಗೆಯನ್ನು ನೀರಿಗೆ ಹಾಕಿ ಮುಖ ತೊಳೆಯುತ್ತಾನೆ.

ಇದನ್ನೆಲ್ಲ ಹೀಗೆ ಸಾಲಾಗಿ ಹೇಳಿದರೆ ಗೋಳು ಅಂತಲೇ ಅನಿಸುತ್ತದೆ. ಆದರೆ ಆ ಮುಖ ತೊಳೆಯುವ ಜಾಗವನ್ನು ಇನ್ನೊಮ್ಮೆ ಓದಿ. ಹುಡುಗನಿಗೆ ಚಂದ ಕಾಣುವ ಆಸೆ ಇಲ್ಲ. ಹಾವಿಗೆ, ಪತಂಗಕ್ಕೆ ಇರುವ ಹಾಗೆ ತನಗೂ ಸುತ್ತಲಿನ ಬಣ್ಣ ಬೇಕು, ಯಾರ ಕಣ್ಣಿಗೂ ಬೀಳಬಾರದು ಅನ್ನುವ ಲೆಕ್ಕಾಚಾರ ಅದು. ಗೋಳಿನ ಕಥೆಯಲ್ಲಿ ಮಕ್ಕಳು ಅಳುತ್ತಾರೆ. ಈ ಹುಡುಗ ಲೆಕ್ಕ ಹಾಕುತ್ತಾನೆ. ಅಷ್ಟೇ ಅಲ್ಲ, ಈ ಕಥೆಯಲ್ಲಿ ವಲಸಿಗರು ಒಬ್ಬರಿಗೊಬ್ಬರು ಮೋಸವನ್ನೂ ಮಾಡುತ್ತಾರೆ. ಬರೀ ಕಣ್ಣೀರು ಬೇಕಾಗಿದ್ದರೆ ಲೇಖಕಿ ಅದನ್ನು ಬಿಟ್ಟುಬಿಡುತ್ತಿದ್ದರು ಅಲ್ವಾ?

ಹಾಗಂತ ನಿಮ್ಮ ಗೆಳೆಯರ ದೂರು ಸುಳ್ಳಲ್ಲ. 2004ರಿಂದ 2010ರ ತನಕ ಕೊರಿಯಾದಲ್ಲಿ ಇಂಥ ಕಥೆಗಳು ಒಂದರ ಮೇಲೊಂದು ಬಂದವು. ಬಹಳಷ್ಟರಲ್ಲಿ ವಲಸಿಗ ಒಂದೋ ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡ ಬಡಪಾಯಿ, ಇಲ್ಲ ಹಿಮಾಲಯದಿಂದ ಇಳಿದು ಬಂದ ಸಾಧು. ಪಾರ್ಕ್ ಬಮ್-ಶಿನ್ ಅವರ 'ನಮಸ್ತೆ' (2005) ಕಾದಂಬರಿಯನ್ನೇ ನೋಡಿ. ನೇಪಾಳಿ ಯುವಕ ಕಾಮಿಲ್ ಮತ್ತು ಒಬ್ಬ ಕೊರಿಯನ್ ಹೆಂಗಸಿನ ಪ್ರೇಮದ ಕಥೆ ಅದು. ಅವಳ ಕುಟುಂಬ ಅಮೆರಿಕಕ್ಕೆ ವಲಸೆ ಹೋಗಿ, 1992ರ ಲಾಸ್ ಏಂಜಲಿಸ್ ಗಲಭೆಯಲ್ಲಿ ಪೆಟ್ಟು ತಿಂದಿದೆ. ವಲಸಿಗನ ನೋವನ್ನು ಇನ್ನೊಬ್ಬ ವಲಸಿಗಳ ಕಣ್ಣಿಂದ ನೋಡುವ ಆ ಯೋಚನೆ ನನಗೆ ಇಷ್ಟ. ಆದರೆ ಕಾಮಿಲ್ ಮಾತ್ರ ಎಲ್ಲರಿಗಿಂತ ಒಳ್ಳೆಯವನಾಗಿ, ಕೊನೆಗೆ ಪ್ರತಿಭಟನೆಯಲ್ಲಿ ಪ್ರಾಣ ಕೊಡಲೇಬೇಕಾಗುತ್ತದೆ. ಅವನು ಒಂದು ಸಲವಾದರೂ ಸುಮ್ನೆ ಸಿಟ್ಟು ಮಾಡಿಕೊಂಡು, ಸೋಮಾರಿಯಾಗಿ ಮಲಗಿದ್ದರೆ ನಾನು ಅವನನ್ನು ಜಾಸ್ತಿ ನಂಬುತ್ತಿದ್ದೆ.

ಬೆರಳು ಹೋಗುವುದು ಉತ್ಪ್ರೇಕ್ಷೆಯೇ ಅಂದರೆ, ಅಲ್ಲ. ಅದರ ಹಿಂದೆ ಒಂದು ಕಾನೂನಿನ ಕಥೆ ಇದೆ. 1993ರಲ್ಲಿ ಕೊರಿಯಾ ಹೊರದೇಶದವರನ್ನು 'ಕೈಗಾರಿಕಾ ತರಬೇತಿ'ಯ ಹೆಸರಿನಲ್ಲಿ ಕರೆಸಿಕೊಳ್ಳಲು ಶುರುಮಾಡಿತು. ಮಾಡಿಸುವುದು ಕೂಲಿ ಕೆಲಸ, ಕಾಗದದಲ್ಲಿ ಮಾತ್ರ 'ತರಬೇತಿ'. ಕಾರ್ಮಿಕ ಅಂತ ಕರೆಯದ ಮೇಲೆ ಕಾರ್ಮಿಕ ಕಾನೂನಿನ ರಕ್ಷಣೆಯೂ ಪೂರ್ತಿ ಇಲ್ಲ. ಸಂಬಳ ಕಡಿಮೆ, ಪಾಸ್‌ಪೋರ್ಟ್ ಧಣಿಯ ಬೀರುವಿನಲ್ಲಿ. ಸಹಿಸದೆ ಓಡಿಹೋದರೆ ಆ ಕ್ಷಣದಿಂದ ಅಕ್ರಮ ವಾಸಿ. ಅಕ್ರಮ ವಾಸಿಗೆ ಪೆಟ್ಟಾದರೆ ಆಸ್ಪತ್ರೆಗೆ ಹೋಗಲೂ ಭಯ. 1995ರ ಜನವರಿಯಲ್ಲಿ ನೇಪಾಳದ 13 ಮಂದಿ ಕಾರ್ಮಿಕರು ಸೋಲ್‌ನ ಮ್ಯೊಂಗ್‌ದೊಂಗ್ ಚರ್ಚಿನ ಮುಂದೆ ಮೈಗೆ ಸರಪಳಿ ಸುತ್ತಿಕೊಂಡು ಕೂತರು. ಸಾಮಾನ್ಯ ಕೊರಿಯನ್ನರು ಇವರತ್ತ ಕಣ್ಣೆತ್ತಿ ನೋಡಿದ್ದು ಆಗಲೇ ಅನ್ನಬಹುದು.

2003ರಲ್ಲಿ ಹೊಸ ಕಾನೂನು ಬಂತು, 2004ರ ಆಗಸ್ಟ್‌ನಿಂದ 'ಉದ್ಯೋಗ ಪರವಾನಗಿ' ವ್ಯವಸ್ಥೆ ಜಾರಿಯಾಯಿತು. ಈಗ ಬರುವವನು ಕಾಗದದಲ್ಲೂ ಕಾರ್ಮಿಕನೇ. ಒಪ್ಪಂದ ಸರ್ಕಾರ ಸರ್ಕಾರಗಳ ನಡುವೆ, ಕನಿಷ್ಠ ವೇತನ ಅನ್ವಯಿಸುತ್ತದೆ. ಆದರೆ ಧಣಿ ಸರಿಯಿಲ್ಲ ಅಂತ ಕೆಲಸ ಬಿಟ್ಟು ಬೇರೆ ಕಡೆ ಸೇರುವುದು ಸುಲಭವಿಲ್ಲ. ಸಾಮಾನ್ಯವಾಗಿ ಆ ಧಣಿಯದ್ದೇ ಒಪ್ಪಿಗೆ ಬೇಕು, ಮೂರು ವರ್ಷದಲ್ಲಿ ಮೂರು ಸಲ ಎಂಬ ಮಿತಿಯೂ ಇದೆ. ಈ ನಿರ್ಬಂಧ ಸರಿ ಅಂತ ಅಲ್ಲಿನ ಸಂವಿಧಾನ ನ್ಯಾಯಾಲಯ 2021ರಲ್ಲೂ ಹೇಳಿತು. ಹಾಗಾಗಿ ಹಳೆಯ ಕಥೆಗಳು ಹಳೆಯವಾಗಿಲ್ಲ. 2024ರ ಜೂನ್‌ನಲ್ಲಿ ಹ್ವಾಸೊಂಗ್‌ನ ಬ್ಯಾಟರಿ ಕಾರ್ಖಾನೆಗೆ ಬೆಂಕಿ ಬಿದ್ದು 23 ಜನ ಸತ್ತರು, ಅವರಲ್ಲಿ 18 ಮಂದಿ ಹೊರದೇಶದವರು.

ಭಾರತದವರು ಯಾಕಿಲ್ಲ ಅನ್ನುವುದಕ್ಕೆ ಉತ್ತರ ಸರಳ. ಆ ಪರವಾನಗಿ ಒಪ್ಪಂದ ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಪಾಕಿಸ್ತಾನ, ವಿಯೆಟ್ನಾಂ, ಕಾಂಬೋಡಿಯಾ ಮುಂತಾದ ದೇಶಗಳ ಜೊತೆ ಇದೆ, ನಮ್ಮ ಜೊತೆ ಇಲ್ಲ. ಕೊರಿಯಾದಲ್ಲಿ ನಮ್ಮವರು ಹೆಚ್ಚಾಗಿ ಎಂಜಿನಿಯರುಗಳು, ಸಂಶೋಧಕರು, ವಿದ್ಯಾರ್ಥಿಗಳು, ಅಡುಗೆಯವರು. ಇಲ್ಲೊಂದು ತಮಾಷೆ ಇದೆ. ನೀವು ನೋಡಿದ ಪಾಕಿಸ್ತಾನಿ ಅಲಿಯ ಪಾತ್ರ ಮಾಡಿದ ಅನುಪಮ್ ತ್ರಿಪಾಠಿ ನಮ್ಮ ದೆಹಲಿಯವರು, ಸೋಲ್‌ಗೆ ನಾಟಕ ಕಲಿಯಲು ಹೋದವರು. ಮತ್ತೆ, ಕಥೆಗಳಲ್ಲಿ ಭಾರತದವರು ಇಲ್ಲವೇ ಇಲ್ಲ ಅಂತಲೂ ಅಲ್ಲ. ಅದನ್ನೂ ಹೇಳುತ್ತೇನೆ.

'ನೇಪಾಳಿಗಳ ಕಥೆ ಬರೆಯೋಕೆ ಇವರು ಯಾರು' ಅನ್ನುವ ಪ್ರಶ್ನೆ ದೊಡ್ಡದು. ನನ್ನ ಉತ್ತರ ಎರಡು ಭಾಗದ್ದು.

ಒಂದು, ಕೊರಿಯಾದ ಲೇಖಕರಿಗೆ ಈ ವಿಷಯ ಪರದೇಶಿಯಲ್ಲ. 1971ರಲ್ಲಿ ಹ್ವಾಂಗ್ ಸೋಕ್-ಯೊಂಗ್ ಬರೆದ 'ಗೆಕ್ಜಿ' ಎಂಬ ನೀಳ್ಗತೆ ಇದೆ. ಪದದ ಅರ್ಥ ಪರಸ್ಥಳ. ಸಮುದ್ರದ ದಡ ಮುಚ್ಚಿ ನೆಲ ಮಾಡುವ ಕೆಲಸಕ್ಕೆ ಬಂದ ಕೂಲಿಗಳು ಅದರಲ್ಲಿ ಮುಷ್ಕರ ಹೂಡುತ್ತಾರೆ. ಅವರೆಲ್ಲ ಕೊರಿಯನ್ನರೇ, ಹಳ್ಳಿ ಬಿಟ್ಟು ಬಂದವರು. ಸೋಲ್‌ನ ಗೂರೋ ಕೈಗಾರಿಕಾ ಪ್ರದೇಶದ ಪಕ್ಕ ಗಾರಿಬೊಂಗ್ ಎಂಬ ಬಡಾವಣೆ ಇದೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ಹಳ್ಳಿಯಿಂದ ಬಂದ ಹುಡುಗಿಯರು ಅಲ್ಲಿನ ಪುಟ್ಟ ಪುಟ್ಟ ಕೋಣೆಗಳಲ್ಲಿ ಇದ್ದು ಕಾರ್ಖಾನೆಗೆ ಹೋಗುತ್ತಿದ್ದರು. ಆ ಮನೆಗಳಿಗೆ ಜನ ಇಟ್ಟ ಹೆಸರು 'ಬೊಲ್‌ಜಿಪ್', ಅಂದರೆ ಜೇನುಗೂಡು. ಶಿನ್ ಕ್ಯುಂಗ್-ಸುಕ್ ಸ್ವತಃ ಆ ಕಡೆ ಕೆಲಸ ಮಾಡಿದವರು, 1995ರಲ್ಲಿ ಆ ದಿನಗಳನ್ನೇ ಕಾದಂಬರಿ ಮಾಡಿದರು. ಆಮೇಲೆ ಕಾರ್ಖಾನೆಗಳು ಹೋದವು, ಹುಡುಗಿಯರೂ ಹೋದರು. ಅದೇ ಜೇನುಗೂಡುಗಳಿಗೆ ಚೀನಾದಿಂದ ಬಂದ ಕೊರಿಯನ್ ಮೂಲದ ಚೊಸೊನ್‌ಜೊಕ್ ಜನ ಬಾಡಿಗೆಗೆ ಬಂದರು. 2006ರಲ್ಲಿ ಪಾರ್ಕ್ ಚಾನ್-ಸೂನ್ ಬರೆದ 'ಗಾರಿಬೊಂಗ್ ಯಾಂಗ್‌ಕ್ಕೋಚಿ' ಕಥೆಗೆ ಒಂದು ಪತ್ರಿಕೆಯ ಹೊಸವರ್ಷದ ಸ್ಪರ್ಧೆಯಲ್ಲಿ ಬಹುಮಾನ ಬಂತು. ಅದರಲ್ಲಿ ಇಂಥ ಒಬ್ಬ ಯುವಕ ಕುರಿಮಾಂಸವನ್ನು ಕಡ್ಡಿಗೆ ಸಿಕ್ಕಿಸಿ ಸುಡುವ ಅಂಗಡಿಯಲ್ಲಿದ್ದಾನೆ. ಕೋಣೆ ಅದೇ, ಬಾಡಿಗೆಯವರು ಮಾತ್ರ ಬೇರೆ. ಒಳ್ಳೆಯ ಕೊರಿಯನ್ ಲೇಖಕರಿಗೆ ಇದು ಗೊತ್ತು. ನೇಪಾಳಿಯ ಬಗ್ಗೆ ಬರೆಯುವಾಗ ಅವರ ಮನಸ್ಸಿನಲ್ಲಿ ತಮ್ಮ ಅಕ್ಕನೋ ಅತ್ತೆಯೋ ಇರುತ್ತಾರೆ. ಅದೇ ಅವರ ಬಲ. ತೊಂದರೆಯೂ ಅಲ್ಲೇ: ಎದುರಿಗಿರುವ ನೇಪಾಳಿಯನ್ನು ಬಿಟ್ಟು ಅಕ್ಕನ ನೆನಪಿಗೇ ಅಳುತ್ತಾ ಕೂತುಬಿಡುತ್ತಾರೆ.

ಎರಡು, ವಲಸಿಗರೇ ಯಾಕೆ ಬರೆಯಲಿಲ್ಲ? ಅವರಿಗೆ ಬರೆಯಲು ಬರುವುದಿಲ್ಲ ಅನ್ನುವುದು ತಪ್ಪು ಕಲ್ಪನೆ. 35 ಮಂದಿ ನೇಪಾಳಿ ಕಾರ್ಮಿಕರ ಕವಿತೆಗಳು 2020ರಲ್ಲಿ ಕೊರಿಯನ್‌ಗೆ ಅನುವಾದವಾಗಿ ಪುಸ್ತಕವಾದವು. 'ಇದು ಯಂತ್ರಗಳ ನಗರ' ಅನ್ನುವುದು ಅದರ ಹೆಸರಿನ ಸರಿಸುಮಾರು ಅರ್ಥ. ಕವಿತೆ ಪಾಳಿ ಮುಗಿಸಿ ಬಂದು ಫೋನಿನಲ್ಲೇ ಬರೆಯಬಹುದು. ಕಾದಂಬರಿಗೆ ವರ್ಷಗಳು ಬೇಕು, ಕೊರಿಯನ್‌ನಲ್ಲಿ ಬರೆಯಬೇಕೆಂದರೆ ಇನ್ನೂ ಜಾಸ್ತಿ. ಪರವಾನಗಿ ವ್ಯವಸ್ಥೆಯಲ್ಲಿ ಬಂದವನು ಒಂದು ಸಲಕ್ಕೆ ಇರಬಹುದಾದದ್ದು ಹೆಚ್ಚೆಂದರೆ 4 ವರ್ಷ 10 ತಿಂಗಳು. ಐದು ವರ್ಷ ಸತತವಾಗಿ ಇದ್ದರೆ ಪೌರತ್ವ ಕೇಳುವ ದಾರಿ ತೆರೆಯುತ್ತದೆ, ಅದಕ್ಕೇ ಎರಡು ತಿಂಗಳು ಮೊದಲೇ ಗೆರೆ ಎಳೆದಿದ್ದಾರೆ ಅನ್ನುವುದು ಅಲ್ಲಿನ ಟೀಕಾಕಾರರ ಮಾತು. ಹೆಂಡತಿ ಮಕ್ಕಳನ್ನು ಕರೆತರುವ ಹಾಗಿಲ್ಲ. ಭಾಷೆ ಪಳಗುವ ಹೊತ್ತಿಗೆ ವಿಮಾನದ ಟಿಕೆಟ್ ಕೈಗೆ ಬಂದಿರುತ್ತದೆ. ಹಾಗಾಗಿ ಸದ್ಯಕ್ಕೆ ಕೊರಿಯನ್ ಕಾದಂಬರಿಗಳಲ್ಲಿ ಇವರ ಬಗ್ಗೆ ಹೆಚ್ಚಾಗಿ ಬೇರೆಯವರೇ ಮಾತಾಡುತ್ತಿದ್ದಾರೆ.

ಈಗ ನಾನು ಆಗಲೇ ಹೇಳಿದ, ಕನ್ನಡದವರಿಗೆ ಚೆನ್ನಾಗಿ ಹಿಡಿಸುವ ಆ ವಿಷಯ.

ಕೊರಿಯನ್‌ನಲ್ಲಿ 'ಬಾನ್‌ಮಾಲ್' ಅಂತ ಒಂದಿದೆ. ಅಕ್ಷರಶಃ ಅರ್ಥ 'ಅರ್ಧ ಮಾತು'. ಗೌರವದ ಕೊನೆ ಕತ್ತರಿಸಿದ ಮಾತು. ನಮ್ಮ 'ಬಾ, ಹೋಗು, ತಿನ್ನು' ಇದ್ದ ಹಾಗೆ. ಗೆಳೆಯರಲ್ಲಿ, ಚಿಕ್ಕವರ ಜೊತೆ ಸರಿ. ಗುರುತಿಲ್ಲದ ದೊಡ್ಡವರಿಗೆ ಹಾಗೆ ಮಾತಾಡಿದರೆ ಅವಮಾನ. ಕಾರ್ಖಾನೆಯಲ್ಲಿ ವಲಸಿಗನಿಗೆ ಕೇಳಿಸುವುದು ಹೆಚ್ಚಾಗಿ ಅರ್ಧ ಮಾತೇ. 'ಏಯ್, ಬೇಗ ಬೇಗ, ಎತ್ತು, ಬಿಡು.' ಈಗ ಬರುವವರು ಊರಿನಲ್ಲೇ ಕೊರಿಯನ್ ಪರೀಕ್ಷೆ ಪಾಸು ಮಾಡಿ ಬರಬೇಕು, ಪುಸ್ತಕದಲ್ಲಿ ಗೌರವದ ಮಾತನ್ನೇ ಕಲಿತಿರುತ್ತಾರೆ. ಆದರೆ ಮೊದಲು ಬಂದವರು ಕಲಿತದ್ದೆಲ್ಲ ಫೋರ್‌ಮನ್ ಬಾಯಿಂದ. ಆನ್ಸಾನ್‌ನಲ್ಲಿ ಒಬ್ಬರ ಜೊತೆ ಆಸ್ಪತ್ರೆಗೆ ದುಭಾಷಿಯಾಗಿ ಹೋಗಿದ್ದೆ. ಐವತ್ತು ದಾಟಿದ ಡಾಕ್ಟರಿಗೆ ಅವರು ತುಂಬಾ ವಿನಯದಿಂದ, ತಲೆ ತಗ್ಗಿಸಿ, 'ಇಲ್ಲಿ ನೋಯ್ತದೆ, ನೋಡು' ಅಂದರು. ಡಾಕ್ಟರ ಮುಖ ಬಿಗಿಯಿತು. ನರ್ಸ್ ನಗು ತಡೆದುಕೊಂಡರು. ಆ ಮನುಷ್ಯನಿಗೆ ತಪ್ಪೇನು ಅಂತಲೇ ಗೊತ್ತಾಗಲಿಲ್ಲ. ಆರು ವರ್ಷದಲ್ಲಿ ಅವರಿಗೆ ಯಾರೂ 'ನೋಡಿ' ಅಂದೇ ಇರಲಿಲ್ಲ.

ಇಂಗ್ಲಿಷ್‌ನಲ್ಲಿ ಇದೆಲ್ಲ ಮಾಯ. ಅಲ್ಲಿ ಎಲ್ಲರಿಗೂ ಒಂದೇ 'ಯೂ'. ಅಲಿಯನ್ನೇ ನೆನಪಿಸಿಕೊಳ್ಳಿ. ಅವನು ಮೊದಲು ಜೊತೆ ಆಟಗಾರ ಸಾಂಗ್-ವೂನನ್ನು 'ಸಾಜಾಂಗ್‌ನಿಮ್' ಅಂತ ಕರೆಯುತ್ತಾನೆ, ಅಂದರೆ ಧಣಿ. ಸಾಂಗ್-ವೂ 'ಹ್ಯೊಂಗ್ ಅನ್ನು' ಅನ್ನುತ್ತಾನೆ, ಅಂದರೆ ಅಣ್ಣ. ಗೋಲಿ ಆಟದಲ್ಲಿ ಅವನು ಅಲಿಗೆ ಮಾಡುವ ಮೋಸ ಧಣಿಯ ಮೋಸವಲ್ಲ, ಅಣ್ಣನ ಮೋಸ. ಕೊರಿಯನ್ ಪ್ರೇಕ್ಷಕರಿಗೆ ಹೊಟ್ಟೆಗೆ ಗುದ್ದಿದಂತಾಗಿದ್ದು ಅದಕ್ಕೆ.

ಕಿಮ್ ರ್ಯೊ-ರ್ಯೊಂಗ್ ಅವರ 'ವಾಂದುಗಿ' (2008) ಎಂಬ ಹರೆಯದವರ ಕಾದಂಬರಿಯಲ್ಲಿ ಇದು ಇನ್ನೂ ಚೆಂದ ಇದೆ. ಹುಡುಗನಿಗೆ ಹದಿನೇಳರ ಹೊತ್ತಿಗೆ ತನ್ನ ತಾಯಿ ವಿಯೆಟ್ನಾಮಿನವಳು ಅಂತ ಗೊತ್ತಾಗುತ್ತದೆ. ಅವಳು ಬಂದು ಮಗನ ಜೊತೆ ಬಹುವಚನದಲ್ಲಿ ಮಾತಾಡುತ್ತಾಳೆ. ಅವನಿಗೆ 'ಅಮ್ಮ' ಅನ್ನಲು ಬಾಯಿ ಬರುವುದಿಲ್ಲ, ಮನಸ್ಸಿನಲ್ಲೇ 'ಅವರು' ಅಂದುಕೊಳ್ಳುತ್ತಾನೆ. ಅಳು ಬರುವ ಜಾಗ ಅದು, ಆದರೆ ಲೇಖಕಿ ಅಳಿಸುವುದಿಲ್ಲ. ಪುಸ್ತಕದ ತುಂಬಾ ನಗು. ಪಕ್ಕದ ಮನೆಯ ಮೇಷ್ಟ್ರು ಬಾಯಿ ಹರುಕ, ಹುಡುಗ ಅವನು ಸಾಯಲಿ ಅಂತ ಚರ್ಚಿನಲ್ಲಿ ಪ್ರಾರ್ಥನೆ ಮಾಡುತ್ತಾನೆ. ಅದೇ ಮೇಷ್ಟ್ರು ಆ ಚರ್ಚನ್ನು ವಲಸೆ ಕಾರ್ಮಿಕರ ಆಸರೆಯಾಗಿ ನಡೆಸುತ್ತಿರುತ್ತಾನೆ. 2011ರ ಸಿನಿಮಾದಲ್ಲಿ ತಾಯಿಯನ್ನು ಫಿಲಿಪ್ಪೀನ್ಸ್‌ನವಳನ್ನಾಗಿ ಮಾಡಿದರು. ಆ ಪಾತ್ರ ಮಾಡಿದ ಜಾಸ್ಮಿನ್ ಲೀ ಮರುವರ್ಷ ಅಲ್ಲಿನ ಸಂಸತ್ತಿಗೇ ಹೋದರು.

ಇನ್ನು ಭಾರತದವನ ಕಥೆ. ಕಿಮ್ ಯೊನ್-ಸು ಅವರದು, ಹೆಸರು 'ಎಲ್ಲರಿಗೂ ಹೊಸವರ್ಷದ ಶುಭಾಶಯ'. ಅಮೆರಿಕದ ಕಥೆಗಾರ ರೇಮಂಡ್ ಕಾರ್ವರ್‌ಗೆ ಅರ್ಪಿಸಿದ್ದು. ವರ್ಷದ ಕೊನೆ. ಪಂಜಾಬಿನ ಒಬ್ಬ ಸಿಖ್ಖ ಪಿಯಾನೋ ಶ್ರುತಿ ಮಾಡಲು ಒಂದು ಮನೆಗೆ ಬರುತ್ತಾನೆ. ಮನೆಯಾಕೆ ವಲಸಿಗರಿಗೆ ಕೊರಿಯನ್ ಕಲಿಸುವವಳು, ಅವನು ಅವಳ ಗೆಳೆಯ. ಅವಳು ಮನೆಯಲ್ಲಿಲ್ಲ. ಗಂಡನಿಗೂ ಅವನಿಗೂ ಮಾತು ಸರಿಯಾಗಿ ಹೊಂದುವುದಿಲ್ಲ. ಹರಕು ಮುರುಕು ಕೊರಿಯನ್‌ನಲ್ಲೇ ಆ ಪಂಜಾಬಿ ಏನೋ ಹೇಳುತ್ತಾ ಹೋಗುತ್ತಾನೆ. ತನ್ನ ಹೆಂಡತಿಯ ಒಂಟಿತನ ತನಗಿಂತ ಇವನಿಗೆ ಚೆನ್ನಾಗಿ ಗೊತ್ತು ಅಂತ ಗಂಡನಿಗೆ ಹೊಳೆಯುತ್ತದೆ. ಬೆರಳು ಹೋಗುವುದಿಲ್ಲ, ಪೊಲೀಸರು ಬರುವುದಿಲ್ಲ. ಅರ್ಧ ಮಾತಿನವನೇ ಇಲ್ಲಿ ಪೂರ್ತಿ ಅರ್ಥ ಮಾಡಿಕೊಂಡವನು. ಈ ಸಾಲಿನ ಕಥೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು.

ಹಾಗಾದರೆ ನೀವೇನು ಮಾಡಬಹುದು? ಮುಂದಿನ ತಿಂಗಳ ಓದಿಗೆ ಈ ಪಂಜಾಬಿಯ ಕಥೆ ತೆಗೆದುಕೊಳ್ಳಿ ಅನ್ನುತ್ತೇನೆ, ಇಂಗ್ಲಿಷ್ ಅನುವಾದ ಇದೆ. 'ಏನೂ ಆಗಲೇ ಇಲ್ಲವಲ್ಲ' ಅಂತ ಯಾರಾದರೂ ಗೊಣಗಬಹುದು, ಗೊಣಗಲಿ ಬಿಡಿ. 'ಆನೆ'ಯನ್ನು ಅನುವಾದಕ್ಕೆ ಇಟ್ಟುಕೊಳ್ಳಿ. ಇಂಗ್ಲಿಷ್‌ನಿಂದ ಮಾಡುವುದು ಪಾಪವೇನಲ್ಲ. ನಾವು ರಷ್ಯದವರನ್ನೂ ಫ್ರಾನ್ಸಿನವರನ್ನೂ ಓದಿದ್ದು ಹೆಚ್ಚಾಗಿ ಹಾಗೆಯೇ. ಆದರೆ ಮೂರು ಅಪಾಯ ಇವೆ.

ಮೊದಲನೆಯದು ಈಗ ಹೇಳಿದ ಏಕವಚನ ಬಹುವಚನ. ಇಂಗ್ಲಿಷ್ ನೋಡಿ ಊಹೆ ಮಾಡಿದರೆ ಎಡವುತ್ತೀರಿ. ಫೋರ್‌ಮನ್ ಒರಟ, ಹಾಗಾಗಿ ಏಕವಚನ ಅಂತ ಹಾಕಿಬಿಡಬಹುದು. ಆದರೆ ಒಬ್ಬ ಒರಟ ಬೇಕಂತಲೇ ಬಹುವಚನ ಬಳಸಿ ಚುಚ್ಚುತ್ತಿರಬಹುದು. ಕೊರಿಯನ್ ಬಲ್ಲವರ ಹತ್ತಿರ ಸಂಭಾಷಣೆಗಳನ್ನಷ್ಟೇ ತೋರಿಸಿ, ಕ್ರಿಯಾಪದದ ಕೊನೆ ಎಲ್ಲಿ ಅರ್ಧ, ಎಲ್ಲಿ ಪೂರ್ತಿ ಅಂತ ಗುರುತು ಹಾಕಿಸಿಕೊಳ್ಳಿ. ಅಷ್ಟು ಸಿಕ್ಕರೆ, ಇಂಗ್ಲಿಷ್‌ನಲ್ಲಿ ಕಳೆದುಹೋದದ್ದನ್ನು ಕನ್ನಡ ವಾಪಸು ತರಬಲ್ಲದು.

ಎರಡನೆಯದು ಹರಕು ಭಾಷೆ. ನೇಪಾಳಿ ಪಾತ್ರದ ತಪ್ಪು ಕೊರಿಯನ್ನನ್ನು ನಮ್ಮ ಹಳೆ ಸಿನಿಮಾಗಳ ಗೂರ್ಖನ ಕನ್ನಡ ಮಾಡಿಬಿಟ್ಟರೆ ಮುಗಿಯಿತು, ಓದುಗರು ನಗುತ್ತಾರೆ. ಕೊರಿಯಾದಲ್ಲೂ ಹೀಗೇ ಆಯಿತು. 2004ರಲ್ಲಿ ಟಿವಿಯ ಹಾಸ್ಯ ಕಾರ್ಯಕ್ರಮವೊಂದರಲ್ಲಿ ಕೊರಿಯನ್ ನಟನೊಬ್ಬ ಶ್ರೀಲಂಕಾ ಕಾರ್ಮಿಕನ ವೇಷ ಹಾಕಿ 'ಸಾಜಾಂಗ್‌ನಿಮ್ ನಾಪ್ಪಾಯೊ' ಅಂದ, 'ಧಣಿ ಕೆಟ್ಟೋರು' ಅಂತ. ಅದು ದೇಶಕ್ಕೆಲ್ಲ ಬಾಯಿಪಾಠವಾಯಿತು. ಧಣಿಗಳ ಅನ್ಯಾಯ ಮನೆಮನೆಗೂ ಗೊತ್ತಾಯಿತು, ನಿಜ. ಆದರೆ ಆ ಉಚ್ಚಾರವನ್ನು ಅಣಕಿಸುವುದು ಶಾಲೆ ಮಕ್ಕಳಿಗೆ ಆಟವೂ ಆಯಿತು. ನನ್ನ ಸಲಹೆ ಇಷ್ಟು: ಉಚ್ಚಾರ ಕೆಡಿಸಬೇಡಿ, ವಾಕ್ಯ ಚಿಕ್ಕದು ಮಾಡಿ. ಪದ ಸಿಗದ ಜಾಗದಲ್ಲಿ ಅವನು ನಿಲ್ಲಲಿ. ಇನ್ನೊಂದು, ಅವರು ನೇಪಾಳಿಯಲ್ಲೇ ಮಾತಾಡಿಕೊಳ್ಳುವಾಗ ಅದು ಹರಕು ಮಾತಲ್ಲ. ಅಲ್ಲಿ ಕನ್ನಡ ಸಲೀಸಾಗಿ ಹರಿಯಬೇಕು. ಈ ವ್ಯತ್ಯಾಸ ಮರೆತು ಇಡೀ ಪಾತ್ರವನ್ನೇ ತೊದಲಿಸಿದ ಅನುವಾದಗಳನ್ನು ನಾನು ನೋಡಿದ್ದೇನೆ. ನಾನೇ ಒಂದು ಸಲ ಮಾಡಿದ್ದೇನೆ ಕೂಡ.

ಮೂರನೆಯದು ಅನುಮತಿ. ನಿಮ್ಮ ಗುಂಪಿನಲ್ಲಿ ಓದಿಕೊಳ್ಳಲು ಯಾರನ್ನೂ ಕೇಳಬೇಕಿಲ್ಲ. ಪತ್ರಿಕೆಯಲ್ಲಿ ಹಾಕುವುದಾದರೆ, ಅದು ಎಷ್ಟೇ ಚಿಕ್ಕ ಪತ್ರಿಕೆಯಾದರೂ, ಲೇಖಕಿಯ ಒಪ್ಪಿಗೆ ಬೇಕು. ಇಂಗ್ಲಿಷ್‌ನಿಂದ ಮಾಡುತ್ತಿರುವುದರಿಂದ ಆ ಅನುವಾದದ ಹಕ್ಕು ಇರುವವರದ್ದೂ ಬೇಕು. ಪ್ರಕಾಶಕರಿಗೆ ಬರೆಯಿರಿ. ಹೊರಭಾಷೆಗಳಿಗೆ ಹೋಗುವ ಕೊರಿಯನ್ ಪುಸ್ತಕಗಳಿಗೆ ನೆರವು ಕೊಡಲು ಸೋಲ್‌ನಲ್ಲಿ ಕೊರಿಯಾ ಸಾಹಿತ್ಯ ಅನುವಾದ ಸಂಸ್ಥೆ ಅಂತ ಸರ್ಕಾರಿ ಸಂಸ್ಥೆಯೇ ಇದೆ, ದಾರಿ ಕೇಳಲು ಅದು ಒಳ್ಳೆಯ ಜಾಗ. ಉತ್ತರ ಬರುವ ತನಕ ಕರಡು ಮಾಡುತ್ತಿರಿ, ಪ್ರಕಟಿಸಬೇಡಿ.

ಕಾಫಿ ತೋಟದ ಮುಜುಗರದ ಬಗ್ಗೆ ನಾನು ಏನೂ ಹೇಳಲಾರೆ. ಆದರೆ ಒಂದು ಕುತೂಹಲ. ನಿಮ್ಮ ಕಡೆ ತೋಟದ ಕೂಲಿಗಳ ಲೈನ್ ಮನೆಗಳಲ್ಲಿ ಮೊದಲು ಯಾರಿದ್ದರು, ಈಗ ಯಾರಿದ್ದಾರೆ? ಕೆಲಸ ನೋಡಿಕೊಳ್ಳುವ ರೈಟರು ಅವರಿಗೆ 'ಬಾ' ಅಂತಾರಾ, 'ಬನ್ನಿ' ಅಂತಾರಾ? ಹಂದಿ ಕೊಟ್ಟಿಗೆಯ ಆ ಕೋಣೆಗಳಿಗೆ ಕನ್ನಡದಲ್ಲಿ ಏನನ್ನುವುದು ಅಂತ ನೀವು ಹೇಗೂ ಹುಡುಕಬೇಕು. 'ವಠಾರ' ಅಂದರೆ ತೀರಾ ಆತ್ಮೀಯವಾಗಿಬಿಡುತ್ತದೆ, 'ಶೆಡ್ಡು' ಅಂದರೆ ಸರಿಹೋಗಬಹುದು. ಆ ಪದ ತೋಟದವರ ಬಾಯಲ್ಲೇ ಸಿಗುತ್ತದೆ ಅಂತ ನನಗೆ ಅನಿಸುತ್ತದೆ.

ಕರಡು ಆದ ಮೇಲೆ ಸಂಭಾಷಣೆ ಇರುವ ಪುಟಗಳನ್ನು ನನಗೆ ಕಳಿಸಿ. ಮೂಲದ ಪಕ್ಕ ಇಟ್ಟುಕೊಂಡು 'ಹೋಗು' ಎಲ್ಲಿ, 'ಹೋಗಿ' ಎಲ್ಲಿ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ ವಾಪಸು ಕಳಿಸುತ್ತೇನೆ.